ಬೆಲೆ ಕೇಳಬಾರದ ಜಾಗ

ಮೆಸೊಪೊಟೇಮಿಯದ ಪಾಠ ಬಂದಾಗಲೆಲ್ಲ ನಾನು ಪುಸ್ತಕದಲ್ಲಿಲ್ಲದ ಒಂದು ಸಂಗತಿಯನ್ನು ಮಕ್ಕಳಿಗೆ ಹೇಳುವುದುಂಟು. ಕ್ರಿಸ್ತಪೂರ್ವ 1750ರ ಸುಮಾರಿನಲ್ಲಿ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ತನ್ನ ಕಾನೂನುಗಳನ್ನು ಆಳೆತ್ತರಕ್ಕೂ ಮೀರಿದ ಕರಿಯ ಕಲ್ಲಿನ ಮೇಲೆ ಕೆತ್ತಿಸಿದ. ಆ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಕಣ್ಣಿಗೆ ಕಣ್ಣು ಎಂಬ ನ್ಯಾಯಕ್ಕೆ ಅದು ಹೆಸರಾಗಿದೆ. ಆದರೆ ಅದರ ಮೇಲೆ ವೈದ್ಯರ ದರಪಟ್ಟಿಯೂ ಇದೆಯೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ವೈದ್ಯ ಕಂಚಿನ ಚೂರಿಯಿಂದ ಶಸ್ತ್ರಕ್ರಿಯೆ ಮಾಡಿ ಮೇಲ್ದರ್ಜೆಯ ಮನುಷ್ಯನ ಜೀವವನ್ನೋ ಕಣ್ಣನ್ನೋ ಉಳಿಸಿದರೆ ಹತ್ತು ಶೆಕೆಲ್ ಬೆಳ್ಳಿ. ಸಾಮಾನ್ಯನಾದರೆ ಐದು. ಗುಲಾಮನಾದರೆ ಎರಡು, ಅದನ್ನು ಅವನ ಯಜಮಾನ ಕೊಡಬೇಕು. ಮೇಲ್ದರ್ಜೆಯವನು ಚಿಕಿತ್ಸೆಯಲ್ಲಿ ಸತ್ತರೆ ವೈದ್ಯನ ಕೈ ಕತ್ತರಿಸಬೇಕು ಎಂದೂ ಇದೆ. ಅಷ್ಟು ಹೇಳಿದ ಕೂಡಲೇ ತರಗತಿ ಗೊಳ್ಳೆಂದು ನಗುತ್ತದೆ.

ಒಂದು ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗನೊಬ್ಬ ನಗದೆ ಎದ್ದು ನಿಂತ. "ಮಿಸ್, ಅಂಥ ಕಲ್ಲು ಆಸ್ಪತ್ರೆ ಮುಂದೆ ಈಗ ಯಾಕಿಲ್ಲ?" ಎಂದ. ಅವನ ತಂದೆಯನ್ನು ಆ ತಿಂಗಳು ಆಸ್ಪತ್ರೆಯಿಂದ ಕರೆತಂದಿದ್ದರು. ಎರಡು ಹಸು ಮಾರಿದ್ದರೆಂದು ಆಮೇಲೆ ತಿಳಿಯಿತು. ನಾನು ಆ ದಿನ ಏನೋ ಉತ್ತರ ಹೇಳಿ ಪಾಠ ಮುಂದುವರಿಸಿದೆ. ಸರಿಯಾದ ಉತ್ತರ ನನ್ನಲ್ಲಿ ಇರಲಿಲ್ಲ. ನಮ್ಮ ಮನೆಯ ಬೀರುವಿನಲ್ಲಿಯೂ ಅಂಥ ಒಂದು ಬಿಲ್ಲು ಮಡಿಸಿಟ್ಟಿತ್ತು.

ನಮ್ಮ ಪೀಳಿಗೆಯ ಹೆಂಗಸರಿಗೆ ವೈದ್ಯರ ಬಳಿ ಬೆಲೆ ಕೇಳುವ ಅಭ್ಯಾಸವೇ ಇಲ್ಲ. ಸೊಪ್ಪಿನವಳ ಹತ್ತಿರ ಕಟ್ಟಿಗೆ ಎರಡು ರೂಪಾಯಿ ಇಳಿಸುವವರೆಗೆ ಬಿಡದ ನಾವು, ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ ಒಂದೂ ಕೊಳ್ಳದೆ ಎದ್ದು ಬರುವ ನಾವು, ಆಸ್ಪತ್ರೆಯ ಮೆಟ್ಟಿಲು ಹತ್ತಿದೊಡನೆ ಮೂಕರಾಗಿಬಿಡುತ್ತೇವೆ. ಇದಕ್ಕೊಂದು ಚರಿತ್ರೆಯಿದೆ ಎಂದು ನನ್ನ ನಂಬಿಕೆ.

1970ರ ದಶಕದ ನಮ್ಮೂರಿನಲ್ಲಿ ಒಬ್ಬರು ಎಲ್‌ಎಂಪಿ ಡಾಕ್ಟರಿದ್ದರು. ಜಗುಲಿಯ ಮೇಲೊಂದು ಬೆಂಚು, ಒಳಗೆ ಮೇಜು, ಗೋಡೆಗೆ ಕಪಾಟು. ಕಾಂಪೌಂಡರು ಕೆಂಪು ಮಿಕ್ಸ್ಚರನ್ನು ನಾವು ಮನೆಯಿಂದ ಒಯ್ದ ಸೀಸೆಗೆ ತುಂಬಿ, ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿಕೊಡುತ್ತಿದ್ದರು. ಅಪ್ಪ ಹೊರಡುವಾಗ ಮೇಜಿನ ಮೇಲಿದ್ದ ಗಾಜಿನ ಗುಂಡಿನಡಿ ಎರಡು ರೂಪಾಯಿ ಇಡುತ್ತಿದ್ದರು. ಡಾಕ್ಟರು ಅತ್ತ ನೋಡುತ್ತಿರಲಿಲ್ಲ. ಕುಂಬಾರರ ಮನೆಯವರು ಮಡಕೆ ತಂದುಕೊಡುತ್ತಿದ್ದರು. ತೋಟದವರು ಸಂಕ್ರಾಂತಿಗೆ ಕಬ್ಬು, ಯುಗಾದಿಗೆ ಮಾವಿನಕಾಯಿ ಕೊಡುತ್ತಿದ್ದರು. ಏನೂ ಕೊಡದವರೂ ಇದ್ದರು. ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಅಜ್ಜಿ ಮೊರದಲ್ಲಿ ಅಕ್ಕಿ, ಬೆಲ್ಲ, ಕುಪ್ಪಸದ ಕಣ, ಎಲೆಯಡಿಕೆ ಇಟ್ಟು ಕೊಡುತ್ತಿದ್ದರು. "ಎಷ್ಟು?" ಎಂದು ಕೇಳಿದರೆ ಅದು ಅವಮಾನ. ಜೀವಕ್ಕೆ ಬೆಲೆ ಕಟ್ಟಬಾರದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಹೊಳೆದದ್ದು ತಡವಾಗಿ. ಆ ಡಾಕ್ಟರಿಗೆ ಊರಿನ ಪ್ರತಿ ಮನೆಯ ಅಡುಗೆಮನೆಯೂ ಗೊತ್ತಿತ್ತು. ಯಾರಿಂದ ಎಷ್ಟು, ಯಾರಿಂದ ಏನೂ ಬೇಡ ಎಂಬ ಲೆಕ್ಕ ಅವರ ತಲೆಯಲ್ಲಿತ್ತು. ಹಮ್ಮುರಾಬಿಯ ಮೂರು ದರ ಕಲ್ಲಿನ ಮೇಲಿದ್ದವು. ಇವರ ನೂರು ದರ ಮನಸ್ಸಿನಲ್ಲಿದ್ದವು.

ಅದರಾಚೆ ಇದ್ದದ್ದು ದೊಡ್ಡಾಸ್ಪತ್ರೆ, ಎಂದರೆ ಸರ್ಕಾರದ್ದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರಲ್ಲಿ ವೈಸರಾಯ್ ಕರ್ಜನ್ ಉದ್ಘಾಟಿಸಿದ. ಮಿಂಟೋ ಕಣ್ಣಾಸ್ಪತ್ರೆ, ವಾಣಿವಿಲಾಸ ಆಸ್ಪತ್ರೆ ಆಮೇಲೆ ಬಂದವು. ಬಡವರಿಗೆ ಅಲ್ಲಿ ಬೆಲೆಯ ಮಾತೇ ಇರಲಿಲ್ಲ. 1946ರಲ್ಲಿ ಭೋರ್ ಸಮಿತಿ, ಹಣ ಕೊಡಲಾಗದು ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬ ತತ್ವವನ್ನೇ ತನ್ನ ವರದಿಯ ಮೊದಲಿಗಿಟ್ಟಿತು. ಒಂದು ಕಡೆ ದಾನ, ಇನ್ನೊಂದು ಕಡೆ ಧರ್ಮಾಸ್ಪತ್ರೆ. ಎರಡರಲ್ಲೂ ದರಪಟ್ಟಿಗೆ ಜಾಗವಿರಲಿಲ್ಲ, ಅಗತ್ಯವೂ ಇರಲಿಲ್ಲ.

ನಮ್ಮ ಕಣ್ಣೆದುರಿಗೇ ಕಾಲ ಬದಲಾಯಿತು. 1983ರಲ್ಲಿ ಮದ್ರಾಸಿನಲ್ಲಿ ಅಪೊಲೊ ಆಸ್ಪತ್ರೆ ಶುರುವಾಯಿತು. ಷೇರುದಾರರಿರುವ ಕಂಪನಿಯೂ ಆಸ್ಪತ್ರೆ ನಡೆಸಬಹುದು ಎಂಬುದು ನಮ್ಮ ಕಡೆಯವರಿಗೆ ಹೊಸ ಮಾತು. ಮುಂದಿನ ಎರಡು ದಶಕಗಳಲ್ಲಿ ಜಿಲ್ಲಾ ಕೇಂದ್ರಗಳಲ್ಲೆಲ್ಲ ಗಾಜಿನ ಬಾಗಿಲಿನ ಆಸ್ಪತ್ರೆಗಳೆದ್ದವು. ವೈದ್ಯ ಮಾರುವವನಾದ, ರೋಗಿ ಕೊಳ್ಳುವವನಾದ. ಇದನ್ನು ಮೊದಲು ಬಾಯಿಬಿಟ್ಟು ಹೇಳಿದ್ದು ನ್ಯಾಯಾಲಯ. 1986ರ ಗ್ರಾಹಕ ರಕ್ಷಣಾ ಕಾಯಿದೆ ವೈದ್ಯರಿಗೂ ಅನ್ವಯಿಸುತ್ತದೆಯೇ ಎಂಬ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ, 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ಬಂತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಕಡೆ ಬಿಟ್ಟರೆ ಉಳಿದಲ್ಲೆಲ್ಲ ರೋಗಿಯೂ ಗ್ರಾಹಕನೇ ಎಂದಿತು ಕೋರ್ಟು. ಹಣ ತೆಗೆದುಕೊಳ್ಳುವ ಆಸ್ಪತ್ರೆಯಲ್ಲಿ ಉಚಿತವಾಗಿ ಚಿಕಿತ್ಸೆ ಪಡೆದ ಬಡವನಿಗೂ ಅದೇ ಹಕ್ಕು. ಆಗ ಸ್ಟಾಫ್ ರೂಮಿನಲ್ಲಿ ನಮ್ಮಲ್ಲಿ ಜಗಳವೇ ಆಗಿತ್ತು. ದೇವರಂಥ ಡಾಕ್ಟರನ್ನು ಅಂಗಡಿಯವನ ಸಾಲಿಗೆ ತಂದರಲ್ಲ ಎಂದು ನೊಂದುಕೊಂಡವರಲ್ಲಿ ನಾನೂ ಒಬ್ಬಳು. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೂ ಬೆಲೆ ಅಚ್ಚಾಗಿರುತ್ತದೆ ಎಂದು ನನಗಾಗ ತೋಚಲಿಲ್ಲ.

ಅದು ತೋಚಿದ್ದು 2013ರಲ್ಲಿ. ನಮ್ಮ ಯಜಮಾನರಿಗೆ ಬೆಳಗಿನ ಜಾವ ಎದೆನೋವು ಬಂತು. ನಮ್ಮೂರಿನ ಡಾಕ್ಟರು ಇಸಿಜಿ ನೋಡಿ ತಡಮಾಡದೆ ನಗರಕ್ಕೆ ಕಳಿಸಿದರು. ಅಲ್ಲಿ ಕೌಂಟರಿನಲ್ಲಿ ಮೊದಲ ಪ್ರಶ್ನೆ, "ಜನರಲ್ ವಾರ್ಡಾ, ಸೆಮಿ ಸ್ಪೆಷಲ್ಲಾ, ಸ್ಪೆಷಲ್ಲಾ?" ಗಲಾಟೆಯಲ್ಲಿ ಇವರಿಗೆ ನಿದ್ದೆ ಬಾರದೆಂದು ಸೆಮಿ ಸ್ಪೆಷಲ್ ಎಂದೆ. ಮಂಚದ ಬಾಡಿಗೆ ಸ್ವಲ್ಪ ಹೆಚ್ಚಾಗಬಹುದು ಎಂದಷ್ಟೇ ನನ್ನ ತಿಳಿವಳಿಕೆ. ಅರ್ಧ ಗಂಟೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರೊಬ್ಬರು ಕಾಗದ ಹಿಡಿದು ಬಂದರು. "ಸ್ಟೆಂಟ್ ಹಾಕಬೇಕು. ಇಂಡಿಯನ್ ಇದೆ, ಇಂಪೋರ್ಟೆಡ್ ಇದೆ. ಯಾವುದು ಹಾಕಲಿ?" ಗಂಡನ ಹೃದಯಕ್ಕೆ ಅಗ್ಗದ್ದನ್ನು ಹಾಕಿ ಎನ್ನುವ ಹೆಂಡತಿ ಎಲ್ಲಾದರೂ ಇದ್ದಾಳೆಯೇ? ಸಹಿ ಮಾಡಿದೆ. ಬೆಲೆ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿದ್ದರೋ ಇಲ್ಲವೋ, ಕೇಳಲಿಲ್ಲ ಎಂಬುದು ನಿಜ.

ಐದನೆಯ ದಿನ ಬಿಲ್ಲು ಬಂತು. ಸ್ಟೆಂಟಿಗೆ 1,20,000. "ಕನ್ಸ್ಯೂಮಬಲ್ಸ್" ಎಂಬ ಒಂದೇ ಪದದ ಮುಂದೆ 18,400. ಹಾಗೆಂದರೇನು ಎಂದು ಕೇಳಿದಾಗ ಕಿಟಕಿಯಾಚೆಯ ಯುವಕ "ಎಲ್ಲಾ ಸೇರಿ ಮೇಡಂ" ಎಂದ. ಸ್ಟೆಂಟಿನ ಡಬ್ಬಿ ಕೇಳಿದೆ. ಡಬ್ಬಿಯ ಮೇಲಿನ ಚೀಟಿಯನ್ನು ಕೇಸ್‌ಶೀಟಿಗೆ ಅಂಟಿಸಿದ್ದರು. ಅದರ ಮೇಲೆ ಸಂಖ್ಯೆ, ಅಳತೆ, ದೇಶದ ಹೆಸರು ಎಲ್ಲ ಇತ್ತು, ಬೆಲೆ ಇರಲಿಲ್ಲ. ಪಕ್ಕದ ಹಾಸಿಗೆಯವರ ಸೊಸೆ ತಿಳಿದವಳು. ಕೋಣೆಯ ದರ್ಜೆ ಏರಿದಂತೆ ಡಾಕ್ಟರು ಬಂದು ನಾಡಿ ನೋಡುವ ಫೀಸು, ಆಪರೇಷನ್ ಥಿಯೇಟರಿನ ಬಾಡಿಗೆ, ಕೆಲವು ಕಡೆ ರಕ್ತಪರೀಕ್ಷೆಯ ದರವೂ ಏರುತ್ತದೆಂದು ಅವಳೇ ಹೇಳಿದಳು. ಅದೇ ಡಾಕ್ಟರು, ಅದೇ ಥಿಯೇಟರು, ಅದೇ ರಕ್ತ. ವಿಮೆ ಮಾಡಿಸಿದವರಿಗೂ ಇದರ ಬಿಸಿ ತಟ್ಟುತ್ತದೆ. ಪಾಲಿಸಿಯಲ್ಲಿ ಬರೆದುದಕ್ಕಿಂತ ದುಬಾರಿ ಕೋಣೆ ಹಿಡಿದರೆ ಎಷ್ಟೋ ಪಾಲಿಸಿಗಳು ಬಾಡಿಗೆಯ ವ್ಯತ್ಯಾಸವನ್ನಷ್ಟೇ ಅಲ್ಲ, ಅದೇ ಪ್ರಮಾಣದಲ್ಲಿ ಡಾಕ್ಟರ ಫೀಸು, ಥಿಯೇಟರಿನ ಬಾಡಿಗೆಯಂಥ ಬಾಬುಗಳನ್ನೂ ಕಡಿತ ಮಾಡುತ್ತವೆ. ಹತ್ತು ಶೆಕೆಲ್, ಐದು ಶೆಕೆಲ್, ಎರಡು ಶೆಕೆಲ್ ಎಂದುಕೊಂಡೆ ನಾನು. ನಮ್ಮೂರ ಡಾಕ್ಟರು ಮನುಷ್ಯರನ್ನು ನೋಡಿ ಲೆಕ್ಕ ಹಾಕುತ್ತಿದ್ದರು. ಇಲ್ಲಿ ನೋಡಿದ್ದು ಕೋಣೆಯನ್ನು.

ಅಮ್ಮ ಮದುವೆಯಲ್ಲಿ ಹಾಕಿದ್ದ ನಾಲ್ಕು ಬಳೆ ಬ್ಯಾಂಕಿಗೆ ಹೋದವು. ಅದನ್ನು ದೊಡ್ಡ ದುಃಖವೆಂದು ಹೇಳುತ್ತಿಲ್ಲ. ಇವರು ನಡೆದುಕೊಂಡು ಮನೆಗೆ ಬಂದರು, ಆ ಡಾಕ್ಟರ ಕೈಗುಣಕ್ಕೆ ನಾನು ಋಣಿ. ನನ್ನನ್ನು ಕೆಣಕಿದ್ದು ಆಮೇಲಿನ ಸಂಗತಿ. ನಾನು ಸರ್ಕಾರಿ ಶಾಲೆಯ ಶಿಕ್ಷಕಿ. 1963ರ ವೈದ್ಯಕೀಯ ಹಾಜರಾತಿ ನಿಯಮಗಳ ಪ್ರಕಾರ ಮರುಪಾವತಿಗೆ ಅರ್ಜಿ ಹಾಕಿದೆ. ಆರೇಳು ತಿಂಗಳು ಅಲೆದ ಮೇಲೆ ಕಡತ ನೋಡಲು ಸಿಕ್ಕಿತು. ಗುಮಾಸ್ತರು ಬಿಲ್ಲಿನ ಒಂದೊಂದು ಸಾಲಿನ ಮುಂದೆಯೂ ಕೆಂಪು ಶಾಯಿಯಲ್ಲಿ ಇಲಾಖೆ ಒಪ್ಪುವ ದರ ಬರೆದಿದ್ದರು. ಸ್ಟೆಂಟಿನ ಮುಂದೆ ಅರ್ಧಕ್ಕಿಂತ ತುಸು ಹೆಚ್ಚು ಇತ್ತು. ಅಂದರೆ ದರಪಟ್ಟಿ ಎಂಬುದು ಒಂದು ಇದ್ದೇ ಇತ್ತು! ಕಚೇರಿಯ ಕಪಾಟಿನಲ್ಲಿತ್ತು. ಸರ್ಕಾರದ ಯೋಜನೆಗಳಡಿ ರೋಗಿಗಳು ಬಂದರೆ ಇಂಥ ಆಸ್ಪತ್ರೆಗಳೇ ಗೊತ್ತಾದ ದರಕ್ಕೆ ಚಿಕಿತ್ಸೆ ಮಾಡುತ್ತಿದ್ದವು. ಎಲ್ಲರಿಗೂ ಗೊತ್ತಿದ್ದ ಬೆಲೆ ಸಹಿ ಹಾಕಿದವಳಿಗೆ ಮಾತ್ರ ಗೊತ್ತಿರಲಿಲ್ಲ.

ಇನ್ನೂ ನಾಚಿಕೆಯ ಮಾತು ಹೇಳಬೇಕು. ನಮ್ಮ ರಾಜ್ಯದಲ್ಲಿ 2007ರಲ್ಲೇ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಆಗಿತ್ತು. ಚಿಕಿತ್ಸೆಯ ದರಗಳನ್ನು ರೋಗಿಗಳಿಗೆ ತಿಳಿಯುವಂತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒದಗಿಸಬೇಕೆಂದು ಅದರಲ್ಲಿ ಬರೆದಿತ್ತು. ಹಮ್ಮುರಾಬಿಯ ಶಾಸನ ಗೊತ್ತಿದ್ದ ಟೀಚರಿಗೆ ತನ್ನ ರಾಜ್ಯದ ಶಾಸನ ಆರು ವರ್ಷವಾದರೂ ಗೊತ್ತಿರಲಿಲ್ಲ.

ನನಗಿಂತ ಜಾಣರಿದ್ದರು. ಇದೇ ಸ್ಟೆಂಟಿನ ಮೇಲೆ ಬೆಲೆ ಯಾಕಿಲ್ಲ ಎಂದು ದೆಹಲಿಯ ವಕೀಲ ಬೀರೇಂದರ್ ಸಾಂಗ್ವಾನ್ ಹೈಕೋರ್ಟಿಗೆ ಹೋದರು. 2016ರಲ್ಲಿ ಸ್ಟೆಂಟು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿತು. 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧಿ ಬೆಲೆ ಪ್ರಾಧಿಕಾರ ಅದಕ್ಕೆ ಗರಿಷ್ಠ ಬೆಲೆ ಕಟ್ಟಿತು. ಬರಿಯ ಲೋಹದ್ದಕ್ಕೆ 7,260 ರೂಪಾಯಿ, ಔಷಧಿ ಲೇಪಿಸಿದ್ದಕ್ಕೆ 29,600. ಪೇಪರಿನಲ್ಲಿ ಓದಿ ನಾನು ಬೀರು ತೆಗೆದು ಹಳೆಯ ಬಿಲ್ಲು ನೋಡಿದೆ. ಲಕ್ಷ ದಾಟಿದ್ದ ವಸ್ತು ಒಂದೇ ರಾತ್ರಿಯಲ್ಲಿ ಮೂವತ್ತು ಸಾವಿರದೊಳಕ್ಕೆ ಬಂದಿತ್ತು. ತಯಾರಕ, ವಿತರಕ, ಆಸ್ಪತ್ರೆ ಎಂದು ಕೈ ಬದಲಿಸುವಾಗ ಬೆಲೆ ಹೇಗೆ ಉಬ್ಬುತ್ತದೆ, ಅದರಲ್ಲಿ ಆಸ್ಪತ್ರೆಯ ಪಾಲು ಎಷ್ಟು ದೊಡ್ಡದು ಎಂಬುದನ್ನು ಪ್ರಾಧಿಕಾರವೇ ಬಯಲು ಮಾಡಿತು. ಅದೇ ವರ್ಷದ ಆಗಸ್ಟಿನಲ್ಲಿ ಮಂಡಿಯ ಚಿಪ್ಪಿಗೂ ಮಿತಿ ಬಂತು. ಹೆಚ್ಚು ಬಳಕೆಯಲ್ಲಿದ್ದ ಬಗೆಗೆ 54,720 ರೂಪಾಯಿ. ಅದಕ್ಕೆ ಮೊದಲು ಅದರ ಬೆಲೆ ಸರಾಸರಿ ಒಂದೂವರೆ ಲಕ್ಷದ ಮೇಲಿತ್ತು. ಆಗ ಆ ಖಾತೆಯ ಕೇಂದ್ರ ಸಚಿವರಾಗಿದ್ದವರು ನಮ್ಮ ಬೆಂಗಳೂರಿನ ಅನಂತಕುಮಾರ್. 2018ರಲ್ಲಿ ಇದೇ ಪ್ರಾಧಿಕಾರ ದೆಹಲಿ ಸೀಮೆಯ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ಜಾಲಾಡಿದಾಗ ಕೆಲವು ವಸ್ತುಗಳ ಮೇಲೆ ಶೇಕಡಾ 1,737ರವರೆಗೆ ಲಾಭ ಕಂಡುಬಂತು. ಇದೆಲ್ಲ ಹೆಚ್ಚಾಗಿ ಎಂಆರ್‌ಪಿಯ ಒಳಗೇ ನಡೆದದ್ದು. ಗರಿಷ್ಠ ಬೆಲೆಯನ್ನು ಅಚ್ಚು ಹಾಕುವವನು ತಯಾರಕ, ಸಗಟಾಗಿ ಕೊಳ್ಳುವ ಆಸ್ಪತ್ರೆ ಹೆಚ್ಚು ಬೆಲೆ ಅಚ್ಚಾದ ಸರಕನ್ನೇ ಬಯಸಿದರೆ ಅದು ಅವನಿಗೂ ಅನುಕೂಲ. ಬೆಲೆ ಬರೆದಿದ್ದರೆ ಸಾಕು ಎಂದುಕೊಂಡಿದ್ದ ನನಗೆ ಇದು ಹೊಸ ಪಾಠ.

2017ರಲ್ಲೇ ನಮ್ಮ ರಾಜ್ಯದಲ್ಲಿ ದೊಡ್ಡ ರಂಪವಾದದ್ದು ನಿಮಗೆಲ್ಲ ನೆನಪಿರಬಹುದು. ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ 2007ರ ಕಾಯಿದೆಗೆ ತಿದ್ದುಪಡಿ ತಂದರು. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರ ನಿಗದಿ ಮಾಡುವುದು, ಮೀರಿದವರಿಗೆ ಜೈಲು, ಎಂದು ಮಸೂದೆಯಲ್ಲಿತ್ತು. ನವೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗ ಖಾಸಗಿ ವೈದ್ಯರು ಹೊರರೋಗಿ ವಿಭಾಗ ಮುಚ್ಚಿ ಮುಷ್ಕರ ಹೂಡಿದರು. ಆ ವಾರ ನಮ್ಮ ಶಾಲೆಯ ಹುಡುಗಿಯೊಬ್ಬಳು ಕೊಕ್ಕೋ ಆಡುವಾಗ ಬಿದ್ದು ಕೈ ಮುರಿದುಕೊಂಡಳು. ಸರ್ಕಾರಿ ಆಸ್ಪತ್ರೆಯಲ್ಲಿ ಜಾತ್ರೆಯಂಥ ಜನ. ನಾಲ್ಕು ಗಂಟೆ ಆ ಮಗುವಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಡಾಕ್ಟರುಗಳ ಮೇಲೆ ನನಗಾಗ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆ ರಾತ್ರಿ ತಮ್ಮನ ಮಗಳಿಗೆ ಫೋನು ಮಾಡಿದೆ. ಅವಳು ತಾಲ್ಲೂಕು ಕೇಂದ್ರವೊಂದರಲ್ಲಿ ಹದಿನೈದು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರು. ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡು ಅವಳು ಹೇಳಿದ್ದು ಇಷ್ಟು: "ಅತ್ತೆ, ನಾರ್ಮಲ್ ಹೆರಿಗೆ ಇಷ್ಟು ಅಂತ ನಾನು ಬೋರ್ಡು ಬರೀತೀನಿ. ರಾತ್ರಿ ಎರಡು ಗಂಟೆಗೆ ರಕ್ತಸ್ರಾವ ಆದ್ರೆ? ರಕ್ತ ತರಿಸ್ಬೇಕು, ಅನಸ್ತೇಸಿಯಾ ಡಾಕ್ಟ್ರನ್ನ ಕರೆಸ್ಬೇಕು. ಬೆಳಿಗ್ಗೆ ಬೋರ್ಡಿನಲ್ಲಿ ಇಷ್ಟೇ ಬರ್ದಿದ್ದೀರಿ ಅಂತ ಜಗಳಕ್ಕೆ ನಿಂತ್ರೆ ನಾನು ಜೈಲಿಗೆ ಹೋಗ್ಲಾ? ನಿಮ್ಮ ಹಮ್ಮುರಾಬಿ ಕೈ ಕತ್ತರಿಸ್ತಿದ್ನಲ್ಲ, ಅದೇ ಆಯ್ತು." ಅವಳಿಗೆ ಆ ಪಾಠ ಹೇಳಿಕೊಟ್ಟವಳು ನಾನೇ. ಅವಳ ಮಾತಿನಲ್ಲಿ ನಿಜವಿತ್ತು. ದೇಹ ಎಂಬುದು ಸೀರೆಯ ಹಾಗೆ ಅಳತೆಗೆ ಸಿಕ್ಕುವ ವಸ್ತುವಲ್ಲ. "ಅದು ಸರಿ ಕಣೇ, ಕಾಟನ್‌ಗೆ ಎಷ್ಟು, ಕೈಗವಸಿಗೆ ಎಷ್ಟು, ಕೋಣೆಗೆ ಎಷ್ಟು ಅಂತಾದ್ರೂ ಮೊದಲೇ ಹೇಳಬಹುದಲ್ಲ?" ಎಂದೆ. "ಅದನ್ನ ನಾನು ಹೇಳ್ತೀನಿ ಅತ್ತೆ" ಎಂದಳು. ಸ್ವಲ್ಪ ತಡೆದು, "ಎಲ್ಲರೂ ಹೇಳಲ್ಲ" ಎಂದಳು.

ಕೊನೆಗೆ ಮಸೂದೆ ಮೆತ್ತಗಾಗಿ ಅಂಗೀಕಾರವಾಯಿತು. ದರ ಕಟ್ಟುವ ಅಧಿಕಾರ ಸರ್ಕಾರಿ ಯೋಜನೆಯ ರೋಗಿಗಳ ಮಟ್ಟಿಗೆ ಉಳಿಯಿತು. ಆದರೂ ಕೈಗೆ ಬಂದದ್ದು ಕಡಿಮೆಯೇನಲ್ಲ. ದರ ಪ್ರದರ್ಶಿಸುವ ಹೊಣೆ ಉಳಿಯಿತು. ರೋಗಿಗಳ ಸನ್ನದು ಕಾನೂನಿನೊಳಗೆ ಬಂತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ದೂರು ಕೇಳುವ ಪ್ರಾಧಿಕಾರ ಬಂತು. ಬಿಲ್ಲು ಬಾಕಿಯಿದೆಯೆಂದು ಶವವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂಬ ಮಾತೂ ಬಂತು. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಒಂದು ಕಾಲದಲ್ಲಿ ತಂದೆಯ ದೇಹಕ್ಕಾಗಿ ಒಂದಿಡೀ ಹಗಲು ಹಣ ಹೊಂದಿಸುತ್ತ ಓಡಾಡಿದ್ದರು. ಪತ್ರಿಕೆಯ ಆ ಒಂದು ಸಾಲನ್ನು ಓದಿ ಅವರು ಏನೂ ಮಾತಾಡದೆ ತರಗತಿಗೆ ಹೊರಟುಹೋದರು.

ಮೂರು ವರ್ಷಕ್ಕೆ ಕೊರೋನಾ ಬಂತು. 2020ರ ಜೂನಿನಲ್ಲಿ ಸರ್ಕಾರ ಖಾಸಗಿ ಆಸ್ಪತ್ರೆಗಳ ಕೋವಿಡ್ ದರವನ್ನು ಹೊರಡಿಸಿತು. ಸರ್ಕಾರ ಕಳಿಸಿದ ರೋಗಿಗಾದರೆ ದಿನಕ್ಕೆ ಜನರಲ್ ವಾರ್ಡಿಗೆ 5,200, ವೆಂಟಿಲೇಟರ್ ಸಹಿತ ಐಸಿಯುಗೆ 10,000. ತಾನೇ ಹಣ ತೆರುವವನಿಗೆ 10,000ದಿಂದ 25,000. ನೋಡಿ, ಇಲ್ಲೂ ಶೆಕೆಲ್ಲಿನ ದರ್ಜೆಗಳು! ಆದರೂ ಐಸಿಯು ಮಂಚದ ಬೆಲೆ ಚಿನ್ನ ಬೆಳ್ಳಿಯ ದರದ ಹಾಗೆ ಪೇಪರಿನಲ್ಲಿ ಅಚ್ಚಾದದ್ದನ್ನು ನಾನು ಕಂಡದ್ದು ಜೀವಮಾನದಲ್ಲಿ ಅದೇ ಮೊದಲು. ನಮ್ಮ ಬೀದಿಯಲ್ಲಿ ಆ ತುಣುಕನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡವರಿದ್ದರು. ಹೆಚ್ಚು ವಸೂಲಿ ನಿಂತಿತೆಂದು ನಾನು ಹೇಳಲಾರೆ. ಆದರೆ ಜಗಳವಾಡಲು ಕೈಯಲ್ಲಿ ಒಂದು ಕಾಗದವಿತ್ತು.

2023ರಲ್ಲಿ ಅಮ್ಮನ ಮಂಡಿ ಶಸ್ತ್ರಚಿಕಿತ್ಸೆ. ಅವರಿಗೆ ಎಪ್ಪತ್ತಾರು. ಈ ಸಲ ನಾನು ಪರೀಕ್ಷೆಗೆ ಹೋಗುವವಳ ಹಾಗೆ ಸಿದ್ಧಳಾಗಿ ಹೋದೆ. ಆಸ್ಪತ್ರೆಯ ದರಫಲಕ ಎಲ್ಲಿದೆಯೆಂದು ಹುಡುಕಿದರೆ ಕುಡಿಯುವ ನೀರಿನ ಯಂತ್ರದ ಹಿಂದೆ ಇತ್ತು. ನೋಂದಣಿ, ಸಂದರ್ಶನ, ಎಕ್ಸ್‌ರೇ, ರಕ್ತಪರೀಕ್ಷೆಗಳ ದರ ಬರೆದಿದ್ದರು. ಶಸ್ತ್ರಚಿಕಿತ್ಸೆಗೆ "ಕೌಂಟರಿನಲ್ಲಿ ವಿಚಾರಿಸಿ" ಎಂದಿತ್ತು. ವಿಚಾರಿಸಿದೆ. ಮೂರು ದರ್ಜೆಯ ಕೋಣೆಗೂ ಬೇರೆ ಬೇರೆ ಅಂದಾಜು ಬರೆದುಕೊಡಿ ಎಂದೆ. ಪ್ಯಾಕೇಜಿನಲ್ಲಿ ಏನಿದೆ, ಏನಿಲ್ಲ ಎಂದು ಕೇಳಿದೆ. ಮಂಡಿಚಿಪ್ಪಿನ ಡಬ್ಬಿಯ ಮೇಲಿನ ಚೀಟಿ ಬಿಲ್ಲಿನ ಜೊತೆ ಬೇಕು ಎಂದೆ. ನನ್ನ ಹಿಂದೆ ನಿಂತಿದ್ದ ತಮ್ಮನಿಗೆ ಮುಜುಗರ. "ಅಕ್ಕ, ಸಾಕು ಬಾರೇ" ಎಂದು ಸೆರಗು ಎಳೆದ. ಕೌಂಟರಿನ ಹುಡುಗಿ ಮುಖವೆತ್ತಿ ನನ್ನನ್ನೇ ನೋಡಿದಳು. "ಮಿಸ್, ನೀವಾ?" ಎಂದಳು. ಹತ್ತು ವರ್ಷದ ಹಿಂದೆ ನನ್ನ ಕೈಲಿ ಸಮಾಜ ಓದಿದವಳು.

ಬಿಡುಗಡೆಯ ದಿನ ಅವಳು ಕೇಳುವ ಮೊದಲೇ ವಿವರವಾದ ಬಿಲ್ಲು ಅಚ್ಚು ಹಾಕಿ ಕೊಟ್ಟಳು. ಹದಿನಾಲ್ಕು ಪುಟ. ಅಮ್ಮ ಊಟ ಮಾಡುವಷ್ಟರಲ್ಲಿ ನಾನು ಕೆಂಪು ಪೆನ್ನು ಹಿಡಿದು ಉತ್ತರಪತ್ರಿಕೆ ತಿದ್ದಿದ ಹಾಗೆ ತಿದ್ದಿದೆ. ಕೈಗವಸು, ಸಿರಿಂಜು, ಬ್ಯಾಂಡೇಜು ಎಲ್ಲಕ್ಕೂ ಸಾಲಿತ್ತು. ಮಂಡಿಚಿಪ್ಪು ಸರ್ಕಾರದ ಮಿತಿಯೊಳಗೇ ಇತ್ತು. ಫಿಸಿಯೋಥೆರಪಿಯವರ ಎರಡು ಭೇಟಿ ಮಾತ್ರ ನಾವು ಮನೆಗೆ ಹೊರಟ ಮಾರನೆಯ ದಿನದ ಲೆಕ್ಕದಲ್ಲಿ ಬರೆದಿತ್ತು. ತೋರಿಸಿದೆ. ಹುಡುಗಿ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು 1,200 ರೂಪಾಯಿ ಕಳೆದಳು. ಬೇಕೆಂದೇ ಸೇರಿಸಿದ್ದೆಂದು ನನಗನ್ನಿಸಲಿಲ್ಲ.

ಕಾರಿನಲ್ಲಿ ಕಾಲು ನೀಡಿ ಕೂತ ಅಮ್ಮ ಕೇಳಿದರು, "ಎಷ್ಟಾಯ್ತೇ?" ಪೈಸೆ ಸಹಿತ ಹೇಳಿದೆ, ಯಾವುದಕ್ಕೆ ಎಷ್ಟು ಎಂದೂ ಹೇಳಿದೆ. ಕೇಳುತ್ತ ಕೇಳುತ್ತ ಅಮ್ಮ ಕಿಟಕಿಯ ಕಡೆ ತಿರುಗಿದರು. ಊರಿನ ಗೇಟು ದಾಟುವಾಗ ಮತ್ತೆ ಕೇಳಿದರು:

"ಅಷ್ಟು ಮಾಡಿದಳಲ್ಲ ಆ ಹುಡುಗಿ, ಅವಳ ಕೈಗೆ ಒಂದು ಮೊಳ ಹೂವಾದರೂ ಕೊಟ್ಟೆಯಾ?"

ಕೊಟ್ಟಿರಲಿಲ್ಲ.